ಥೀಮ್ ಪದಬಂಧ ಬಿಡಿಸುವುದು ಹೇಗೆ: ಮೊದಲ ಮನೆಯಿಂದ ಕೊನೆಯ ಮನೆಯವರೆಗೆ

ದಿನಪತ್ರಿಕೆಗಳ ಪದಬಂಧಗಳಲ್ಲಿ ಹೆಚ್ಚಿನವು ಬಿಡಿ ಪದಗಳ ಕಂತೆ. ಒಂದು ಉತ್ತರಕ್ಕೂ ಇನ್ನೊಂದಕ್ಕೂ ಒಂದು ಮನೆ ಹಂಚಿಕೊಂಡದ್ದು ಬಿಟ್ಟರೆ ಬೇರೆ ನಂಟಿಲ್ಲ. ಥೀಮ್ ಪದಬಂಧ ಹಾಗಲ್ಲ. ಅದರಲ್ಲಿ ನಾಲ್ಕೈದು ಉತ್ತರಗಳು ಒಳಗೊಳಗೇ ಮಾತಾಡಿಕೊಂಡಿರುತ್ತವೆ. ಎಲ್ಲವೂ ನದಿಗಳಿರಬಹುದು, ಎಲ್ಲದರ ಹೊಟ್ಟೆಯಲ್ಲೂ ಒಂದೊಂದು ಹಣ್ಣು ಅಡಗಿರಬಹುದು, ಎಲ್ಲವೂ ಆ ದಿನದ ಹಬ್ಬಕ್ಕೆ ಸೇರಿದ್ದಿರಬಹುದು. ಆ ಒಳಮಾತು ಕಿವಿಗೆ ಬಿದ್ದ ಮೇಲೆ ಅರ್ಧ ಚೌಕ ತಾನಾಗಿ ತುಂಬುತ್ತದೆ. ಬೀಳದಿದ್ದರೆ ಒದ್ದಾಟ.

ದಿನವೂ ಥೀಮ್ ಇಟ್ಟು ಪದಬಂಧ ಹೆಣೆಯುವ ಪದ್ಧತಿ ಗಟ್ಟಿಯಾಗಿ ಬೇರೂರಿರುವುದು ಅಮೆರಿಕದಲ್ಲಿ. ಆರ್ಥರ್ ವಿನ್ ಎಂಬಾತ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ವಜ್ರದಾಕಾರದ ಮೊದಲ ಪದಬಂಧ ಪ್ರಕಟಿಸಿದ್ದು 1913ರ ಡಿಸೆಂಬರ್ 21ರಂದು. ನ್ಯೂಯಾರ್ಕ್ ಟೈಮ್ಸ್ ಅದನ್ನು ಶುರು ಮಾಡಿದ್ದು 1942ರಲ್ಲಿ, ಅದೂ ಭಾನುವಾರಕ್ಕೆ ಮಾತ್ರ. ದಿನನಿತ್ಯದ ಪದಬಂಧ ಬಂದದ್ದು 1950ರಲ್ಲಿ. ಅಲ್ಲಿ ಈಗ ಸೋಮವಾರದಿಂದ ಗುರುವಾರದವರೆಗೆ ಮತ್ತು ಭಾನುವಾರ ಥೀಮ್ ಇರುತ್ತದೆ, ಶುಕ್ರವಾರ ಶನಿವಾರ ಸಾಮಾನ್ಯವಾಗಿ ಇರುವುದಿಲ್ಲ. ಸೋಮವಾರದ್ದು ಎಲ್ಲಕ್ಕಿಂತ ಸುಲಭ, ಶನಿವಾರದ್ದು ಕಬ್ಬಿಣದ ಕಡಲೆ. ಅದನ್ನೂ ಕನ್ನಡದ್ದನ್ನೂ ಜೊತೆಜೊತೆಗೆ ಬಿಡಿಸುವವರಿಗೆ ಒಂದು ವ್ಯತ್ಯಾಸ ಬೇಗ ಗೊತ್ತಾಗುತ್ತದೆ: ಅಲ್ಲಿನ ತಂತ್ರಗಳೆಲ್ಲ ಇಲ್ಲಿ ನಡೆಯುವುದಿಲ್ಲ. ಈ ಬರಹ ಕನ್ನಡದ ಪದಬಂಧ ಬಿಡಿಸುವವರಿಗೆ. ಉದಾಹರಣೆಗಾಗಿ ಏಳು ಸಾಲು, ಏಳು ಕಂಬದ ಪುಟ್ಟ ಥೀಮ್ ಪದಬಂಧವೊಂದನ್ನು ನಾನೇ ಹೆಣೆದಿದ್ದೇನೆ. ಇಡೀ ಚೌಕ ಇಲ್ಲಿ ಬೇಡ, ಬೇಕಾದ ಸುಳಿವುಗಳನ್ನಷ್ಟೇ ಬಿಚ್ಚುತ್ತಾ ಹೋಗುತ್ತೇನೆ.

ಹಂತ 1: ಮನೆ ಎಣಿಸುವುದನ್ನು ಸರಿಯಾಗಿ ಕಲಿಯಿರಿ

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಅದೇ ಮನೆಯೊಳಗೆ. ಸಂಕ್ರಾಂತಿಗೆ ಮೂರೇ ಮನೆ: ಸಂ, ಕ್ರಾಂ, ತಿ. ಸ್ವಾತಂತ್ರ್ಯಕ್ಕೂ ಮೂರೇ: ಸ್ವಾ, ತಂ, ತ್ರ್ಯ. ಬರೆಯುವಾಗ ಉದ್ದ ಕಾಣುವ ಪದ ಚೌಕದಲ್ಲಿ ಗಿಡ್ಡವಾಗಿಬಿಡುತ್ತದೆ. ಅರ್ಕಾವೊತ್ತು ಇದ್ದಲ್ಲಿ ಹೊಸಬರು ಎಡವುತ್ತಾರೆ. ಕರ್ನಾಟಕ ಎಂದರೆ ಕ, ರ್ನಾ, ಟ, ಕ. ನಾಲ್ಕು ಮನೆ, ಐದಲ್ಲ.

ತಕರಾರು ಬರುವುದು ಅರ್ಧಾಕ್ಷರಗಳಲ್ಲಿ. ಬಸ್ ಎಂಬುದನ್ನು ಬ, ಸ್ ಎಂದು ಎರಡು ಮನೆಗೆ ಹಾಕುತ್ತಾರೆ, ಅಲ್ಲಿ ಗೊಂದಲವಿಲ್ಲ. ಆದರೆ ರಾಜ್‌ಕುಮಾರ್? ಜ್ ಬೇರೆ, ಕು ಬೇರೆ ಎಂದರೆ ಐದು ಮನೆ. ಎರಡನ್ನೂ ಕೂಡಿಸಿ ಜ್ಕು ಎಂದರೆ ನಾಲ್ಕು. ಹೆಣೆಯುವವರೊಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ. ನೀವು ದಿನವೂ ಬಿಡಿಸುವ ಪತ್ರಿಕೆಯ ಹಳೆಯ ಉತ್ತರಗಳನ್ನು ನಾಲ್ಕು ದಿನ ಗಮನಿಸಿದರೆ ಅಲ್ಲಿನ ರೂಢಿ ತಿಳಿಯುತ್ತದೆ. ಇಂಗ್ಲಿಷ್ ಹೆಸರುಗಳಿರುವ ಥೀಮ್ ಬಂದ ದಿನ ಇದು ಕೆಲಸಕ್ಕೆ ಬರುತ್ತದೆ.

ಪೆನ್ಸಿಲ್, ರಬ್ಬರ್ ಇಟ್ಟುಕೊಳ್ಳಿ. ಪೆನ್ನಿನಲ್ಲಿ ತುಂಬುವವರ ಆತ್ಮವಿಶ್ವಾಸಕ್ಕೆ ನಮಸ್ಕಾರ, ಆದರೆ ಥೀಮ್ ಪದಬಂಧದಲ್ಲಿ ಊಹೆ ಬರೆದು ಅಳಿಸುವುದೇ ಅರ್ಧ ಕೆಲಸ.

ಹಂತ 2: ತುಂಬುವ ಮೊದಲು ಚೌಕವನ್ನು ನೋಡಿ

ಒಂದು ನಿಮಿಷ ಏನನ್ನೂ ಬರೆಯಬೇಡಿ. ತಲೆಬರಹ ಇದ್ದರೆ ಓದಿ. ತಾರೀಖು ನೋಡಿ. ನವೆಂಬರ್ 1 ಆಗಿದ್ದರೆ ರಾಜ್ಯೋತ್ಸವದ ವಾಸನೆ ಬರಲೇಬೇಕು: 1956ರ ಏಕೀಕರಣ, 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದದ್ದು, ಜಿಲ್ಲೆಗಳು, ಕವಿಗಳು. ಯುಗಾದಿಯ ಸುತ್ತಮುತ್ತ ಬೇವು, ಬೆಲ್ಲ, ಅರವತ್ತು ಸಂವತ್ಸರಗಳ ಹೆಸರು ಬರುತ್ತವೆ.

ಆಮೇಲೆ ಅತಿ ಉದ್ದದ ಉತ್ತರಗಳು ಎಲ್ಲಿವೆ ನೋಡಿ. ಥೀಮಿನ ಪದಗಳು ಸಾಮಾನ್ಯವಾಗಿ ಅವೇ. ಒಂದು ಮೂಲೆಯ ಉದ್ದ ಪದಕ್ಕೆ ಎದುರು ಮೂಲೆಯಲ್ಲಿ ಅಷ್ಟೇ ಉದ್ದದ ಜೊತೆಗಾರ ಇದ್ದರೆ ಅನುಮಾನ ಇನ್ನೂ ಗಟ್ಟಿ. ಅವುಗಳ ಸಂಖ್ಯೆಗೆ ಸಣ್ಣ ಗುರುತು ಹಾಕಿಕೊಳ್ಳಿ. ಕೊನೆಯದಾಗಿ ಸುಳಿವುಗಳ ಮೇಲೆ ಕಣ್ಣಾಡಿಸಿ, "ಈ ಪದಬಂಧದ", "ಉಳಿದ ಉತ್ತರಗಳ", "ಮೊದಲರ್ಧ" ಇಂಥ ಮಾತು ಯಾವುದರಲ್ಲಾದರೂ ಇದೆಯೇ ಹುಡುಕಿ. ಅದು ಕೀಲಿ ಸುಳಿವು. ಅದನ್ನು ಓದಿ, ಬಿಡಿಸಲು ಹೋಗದೆ ಪಕ್ಕಕ್ಕಿಡಿ.

ನನ್ನ ಪುಟ್ಟ ಪದಬಂಧದಲ್ಲಿ ನಾಲ್ಕು ಮನೆಯ ಉತ್ತರ ನಾಲ್ಕಿವೆ. ಎರಡು ಎಡದಿಂದ ಬಲಕ್ಕೆ, ಎರಡು ಮೇಲಿನಿಂದ ಕೆಳಕ್ಕೆ. ಉಳಿದವೆಲ್ಲ ಎರಡು ಅಥವಾ ಮೂರು ಮನೆಯವು. ನಟ್ಟನಡುವೆ ಕೀಲಿ ಸುಳಿವು ಹೀಗಿದೆ: "ನಾಲ್ಕು ಮನೆಯ ಉತ್ತರಗಳ ಮೊದಲರ್ಧವನ್ನು ಸಂಜೆ ಇಲ್ಲಿ ಕಟ್ಟುತ್ತಾರೆ (3)". ಈಗಲೇ ಉತ್ತರ ಹೊಳೆದಿದ್ದರೂ ತಡೆಯಿರಿ.

ಹಂತ 3: ಗಿಡ್ಡ ಪದಗಳಿಂದ ಒಂದು ಮೂಲೆ ಹಿಡಿಯಿರಿ

ಥೀಮಿನ ಪದಗಳ ಸುಳಿವನ್ನು ಬೇಕೆಂದೇ ಸ್ವಲ್ಪ ಮಬ್ಬಾಗಿಡುತ್ತಾರೆ. ಹಾಗಾಗಿ ಮೊದಲು ಅಲ್ಲಿಗೆ ಕೈ ಹಾಕಬೇಡಿ. ಎರಡು, ಮೂರು ಮನೆಯ ನೇರ ಸುಳಿವುಗಳಿಂದ ಹೊರಡಿ.

ಎಡ ಮೇಲಿನ ಮೂಲೆ. ಕೆಳಮುಖವಾಗಿ: "ಮಳೆಯ ಒಂದು ಬಿಂದು (2)", ಅದು ಹನಿ. "ಹಗ್ಗ ಬಿಗಿಯಲು ನೆಟ್ಟದ್ದು (2)", ಗೂಟ. ಇವೆರಡರ ನಡುವಿನ ಕಂಬಕ್ಕೆ "ಸಲೀಸು (3)". ಇಲ್ಲಿ ಸುಲಭ, ಸರಾಗ, ಹಗುರ, ಸುಕರ ಎಲ್ಲವೂ ಸಾಲುಗಟ್ಟಿ ನಿಲ್ಲುತ್ತವೆ. ಬರೆಯಬೇಡಿ. ಎರಡನೇ ಸಾಲಿನಲ್ಲಿ "ತೀರಾ ಹತ್ತಿರದ (3)" ಎಂದಿದೆ. ಹನಿಯ ನಿ ಮೊದಲ ಮನೆಯಲ್ಲಿ, ಗೂಟದ ಟ ಕೊನೆಯ ಮನೆಯಲ್ಲಿ: ನಿಕಟ. ಅದರ ನಡುವಿನ ಕ ಬಂದು ಸುಲಭವನ್ನು ಆಚೆ ತಳ್ಳಿ ಸುಕರವನ್ನು ಕೂರಿಸುತ್ತದೆ. ಈಗ ಮೊದಲ ಸಾಲಿನಲ್ಲಿ ಹ, ಸು, ಗೂ ತಾವಾಗಿ ನಿಂತಿವೆ. ಸುಳಿವು "ತೊಟ್ಟಿಲಲ್ಲಿ ಅಳುವುದು (4)". ಹಸುಗೂಸು. ಮೊದಲ ಥೀಮ್ ಪದ ಸಿಕ್ಕಿತು.

ಇಲ್ಲಿ ಕನ್ನಡದ ವಿಶೇಷವೊಂದನ್ನು ನೋಡಿ. ಇಂಗ್ಲಿಷ್ ಚೌಕದ ಒಂದು ಮನೆಯಲ್ಲಿ 26 ಸಾಧ್ಯತೆ. ಕನ್ನಡದಲ್ಲಿ ಕಾಗುಣಿತವೊಂದನ್ನೇ ಹಿಡಿದರೂ 34 ವ್ಯಂಜನಕ್ಕೆ ನಾನೂರಕ್ಕೂ ಹೆಚ್ಚು ರೂಪ, ಒತ್ತಕ್ಷರ ಸೇರಿಸಿದರೆ ಲೆಕ್ಕವೇ ಇಲ್ಲ. ಆದ್ದರಿಂದ ಕನ್ನಡದಲ್ಲಿ ಹಾಯುವ ಒಂದು ಅಕ್ಷರ ಕೊಡುವ ಸಾಕ್ಷ್ಯ ದೊಡ್ಡದು. ಗೂ ಒಂದೇ ಸಿಕ್ಕರೂ ಪದ ಮುಕ್ಕಾಲು ಪಾಲು ಬಯಲಾಗುತ್ತದೆ. ಆದರೆ ಇದೇ ಕಾರಣಕ್ಕೆ ಹೆಣೆಯುವುದು ಕಷ್ಟ. ಅಮೆರಿಕದ ಪದಬಂಧಗಳಲ್ಲಿ ಪ್ರತಿಯೊಂದು ಮನೆಯ ಮೇಲೂ ಎರಡು ಪದ ಹಾಯುತ್ತವೆ. ಕನ್ನಡದಲ್ಲಿ ಕಪ್ಪು ಮನೆ ಹೆಚ್ಚು, ಒಂದೇ ಪದಕ್ಕೆ ಸೇರಿದ ಒಂಟಿ ಮನೆಗಳೂ ಹೆಚ್ಚು. ಆ ಒಂಟಿ ಮನೆಗಳನ್ನು ತುಂಬಲು ಬೇರೆ ಸಾಕ್ಷಿ ಬೇಕು. ಥೀಮ್ ಅಂದರೆ ಆ ಸಾಕ್ಷಿ. ಇದನ್ನು ಮುಂದೆ ಕೈಯಲ್ಲಿ ಹಿಡಿದು ತೋರಿಸುತ್ತೇನೆ.

ಹಂತ 4: ಅಕ್ಷರಗಳ ಸ್ವಭಾವ ಬಳಸಿಕೊಳ್ಳಿ

ಸುಳಿವು ಅರ್ಥವಾಗದಿದ್ದಾಗಲೂ ಚೌಕ ಒಂದಿಷ್ಟು ಹೇಳುತ್ತದೆ.

ಸ್ವರಾಕ್ಷರ ಪದದ ಆರಂಭದಲ್ಲಿ ಮಾತ್ರ ಬರುತ್ತದೆ. ಕೋಆಪರೇಟಿವ್‌ನಂಥ ಎರವಲು ಪದ ಬಿಟ್ಟರೆ ನಡುವೆ ಆ, ಎ, ಉ ಇಣುಕುವುದಿಲ್ಲ. ಹಾಗಾಗಿ ಒಂದು ಮನೆ ಅಡ್ಡ ಪದದ ಆರಂಭವೂ ಆಗಿ ಕೆಳಮುಖ ಪದದ ನಡುವೂ ಆಗಿದ್ದರೆ ಅಲ್ಲಿ ಸ್ವರ ಇಲ್ಲ ಎಂದು ಕಣ್ಣು ಮುಚ್ಚಿ ಹೇಳಬಹುದು. ಅತ್ತಿಗೆ, ಅರಸ, ಇಳೆ ಎಲ್ಲ ಅಲ್ಲಿಂದ ಔಟ್.

ಸಜಾತಿ ಒತ್ತಕ್ಷರ ಇದಕ್ಕೆ ತದ್ವಿರುದ್ಧ. ತ್ತು, ಟ್ಟಿ, ಕ್ಕ, ಲ್ಲ ಪದದ ಮೊದಲಿಗೆ ಬರುವುದಿಲ್ಲ. ಅಚ್ಚಗನ್ನಡದಲ್ಲಿ ಳ, ಣ ಕೂಡ ಪದದ ತಲೆಯಲ್ಲಿ ಕೂರುವುದಿಲ್ಲ. ನಿಮ್ಮ ಊಹೆಯ ಪದದಲ್ಲಿ ಎಲ್ಲಿ ಳಿ ಬೀಳುತ್ತದೋ ಅಲ್ಲಿಂದ ಕೆಳಕ್ಕೆ ಹೊಸ ಪದವೊಂದು ಶುರುವಾಗಬೇಕಿದ್ದರೆ ಊಹೆ ತಪ್ಪು. ಸುಳಿವು ಓದುವ ಅಗತ್ಯವೂ ಇಲ್ಲ.

ವ್ಯಾಕರಣವೂ ಸಹಾಯಕ್ಕಿದೆ. ಸುಳಿವು ಬಹುವಚನದಲ್ಲಿದ್ದರೆ ಕೊನೆಯ ಎರಡು ಮನೆಗೆ ಗಳು ಎಂದು ತೆಳುವಾಗಿ ಬರೆದಿಡಿ. "ಓಡಲು" ಎಂಬ ರೂಪ ಕೇಳಿದರೆ ಉತ್ತರವೂ ಲು ಇಂದ ಮುಗಿಯಬೇಕು. "ಕಾಡಿನಲ್ಲಿ" ಎಂದರೆ ಲ್ಲಿ. ಒಳ್ಳೆಯ ಕೈ ಹೆಣೆದ ಪದಬಂಧದಲ್ಲಿ ಸುಳಿವಿನ ವಿಭಕ್ತಿಯೂ ಉತ್ತರದ ವಿಭಕ್ತಿಯೂ ಹೊಂದಿಕೊಂಡಿರುತ್ತವೆ. ಹೊಂದದಿದ್ದರೆ ಬೈದುಕೊಂಡು ಮುಂದೆ ಹೋಗಿ.

ಕಾಗುಣಿತದ ಜೋಡಿರೂಪಗಳ ಬಗ್ಗೆ ಎಚ್ಚರ. ಹಸಿರು, ಹಸುರು ಎರಡೂ ಸರಿ. ಹಾಯುವ ಪದ ಹೇಳುವವರೆಗೆ ನಡುವಿನ ಮನೆ ಖಾಲಿ ಬಿಡಿ. ಮನಸು, ಮನಸ್ಸು ಇವಕ್ಕೂ ಅದೇ ಮಾತು.

ಹಂತ 5: ಪದಬಂಧದ ಖಾಯಂ ಗಿರಾಕಿಗಳನ್ನು ಪರಿಚಯ ಮಾಡಿಕೊಳ್ಳಿ

ನಿತ್ಯದ ಮಾತಿನಲ್ಲಿ ಯಾರೂ ಬಳಸದ, ಪದಬಂಧದಲ್ಲಿ ಮಾತ್ರ ವಾರಕ್ಕೊಮ್ಮೆ ದರ್ಶನ ಕೊಡುವ ಪದಗಳಿವೆ. ಹೆಣೆಯುವವರಿಗೆ ಅವು ಮೂಲೆ ಮುಚ್ಚಲು ಬೇಕು. ಇವುಗಳಲ್ಲಿ ನೀರಿನ ಬಳಗವೊಂದನ್ನು ಕಲಿತುಬಿಟ್ಟರೆ ವರ್ಷಪೂರ್ತಿ ಲಾಭ. ನೀರಿಗೆ ಜಲ, ವಾರಿ, ಅಂಬು. ಕೊನೆಗೆ ಜ ಅಂಟಿಸಿದರೆ ತಾವರೆ: ಜಲಜ, ವಾರಿಜ, ಅಂಬುಜ. ದ ಅಂಟಿಸಿದರೆ ಮೋಡ: ಜಲದ, ವಾರಿದ, ಅಂಬುದ. ಧಿ ಅಂಟಿಸಿದರೆ ಕಡಲು: ಜಲಧಿ, ವಾರಿಧಿ, ಅಂಬುಧಿ. ಒಂಬತ್ತೂ ಮೂರು ಮನೆಯವೇ. "ಮುಗಿಲು (3)" ಎಂದು ಕೇಳಿದ ಕೂಡಲೇ ಕೊನೆಯ ಮನೆಗೆ ದ ಬರೆದಿಡಬಹುದು, ಮೊದಲೆರಡು ಮನೆಗೆ ಹಾಯುವ ಪದ ಕಾಯಬೇಕು. "ಸಮುದ್ರ (3)" ಎಂದಾಗ ಧಿ. ಸಾಗರ, ಶರಧಿ ಕೂಡ ಸರದಿಯಲ್ಲಿವೆ ಎಂಬುದು ನೆನಪಿರಲಿ, ಆದರೂ ಧಿ ಮೇಲೆ ಪಣ ಕಟ್ಟುವುದು ಲೇಸು.

ಭೂಮಿಗೆ ಇಳೆ, ಧರೆ, ಅವನಿ, ವಸುಧೆ, ಮೇದಿನಿ. ಸೂರ್ಯನಿಗೆ ರವಿ, ಭಾನು, ನೇಸರ, ದಿನಕರ, ದಿವಾಕರ. ಮನೆಯ ಸಂಖ್ಯೆಯ ಪ್ರಕಾರ ಬೇರ್ಪಡಿಸಿ ನೆನಪಿಟ್ಟರೆ ಅಕಾರಾದಿಗಿಂತ ಬೇಗ ಕೈಗೆ ಸಿಗುತ್ತವೆ.

ಥೀಮುಗಳಿಗೂ ಇಂಥ ಖಾಯಂ ಪಟ್ಟಿಗಳಿವೆ. ಜ್ಞಾನಪೀಠದ ಕನ್ನಡಿಗರು ಅದರಲ್ಲಿ ಮೊದಲಿಗರು. ಎಂಟು ಜನ: ಕುವೆಂಪು (1967), ಬೇಂದ್ರೆ (1973), ಕಾರಂತ (1977), ಮಾಸ್ತಿ (1983), ಗೋಕಾಕ (1990), ಅನಂತಮೂರ್ತಿ (1994), ಕಾರ್ನಾಡ (1998), ಕಂಬಾರ (2010). ಎರಡು ಮನೆಯವರು ಬೇಂದ್ರೆ ಮತ್ತು ಮಾಸ್ತಿ ಮಾತ್ರ. ಐದು ಮನೆ ಬೇಡುವವರು ಅನಂತಮೂರ್ತಿ ಒಬ್ಬರೇ. ಉಳಿದ ಐವರಿಗೂ ಮೂರು ಮನೆ. ಅವರಲ್ಲಿ ಕಾರಂತ, ಕಾರ್ನಾಡ ಇಬ್ಬರೂ ಕಾ ಇಂದ ಶುರು. ಮೊದಲ ಅಕ್ಷರ ಸಿಕ್ಕಿತೆಂದು ಕುಣಿಯಬೇಡಿ, ನಡುವಿನದು ರಂ ಅಥವಾ ರ್ನಾ ಎಂದು ಗೊತ್ತಾಗುವವರೆಗೆ ಕೈ ಕಟ್ಟಿಕೊಂಡಿರಿ.

ಹಂತ 6: ಆಟದ ಸುಳಿವುಗಳನ್ನು ಒಡೆಯಿರಿ

ನೇರ ಅರ್ಥದ ಸುಳಿವಿನ ನಡುವೆ ಅಕ್ಷರದ ಆಟವೂ ಬರುತ್ತದೆ. ಸುಳಿವಿನ ವಾಕ್ಯ ವಿಚಿತ್ರವಾಗಿ ಓದಿಸಿಕೊಂಡರೆ ಇದೇ ಎಂದು ತಿಳಿಯಿರಿ. ಕೆಲವು ಮಾದರಿ ಇಲ್ಲಿವೆ.

"ಹೊಳೆ ಹಿಂದಕ್ಕೆ ಹರಿದರೆ ಸೋಮವಾರವೂ ಆದೀತು (2)": ನದಿಯನ್ನು ತಿರುಗಿಸಿ, ದಿನ.

"ಬಾಲ ಕಳೆದುಕೊಂಡ ಗ್ರಹ ಕೊಂಬೆ ಮೇಲೆ (2)": ಮಂಗಳದ ಕೊನೆ ಕತ್ತರಿಸಿ, ಮಂಗ.

"ತಲೆ ಹೋದ ಯುದ್ಧದಲ್ಲಿ ಹಣ್ಣು ಬಿಟ್ಟಿತು (2)": ಸಮರದ ಮೊದಲಕ್ಷರ ತೆಗೆದರೆ ಮರ.

"ಮನ್ಮಥ ದಿಕ್ಕಾಪಾಲಾದರೆ ಹತ್ತಿಕ್ಕಿದಂತೆ (3)": ಮದನನ ಅಕ್ಷರ ಕಲೆಸಿದರೆ ದಮನ.

"ಎತ್ತಲಿಂದ ಬಂದರೂ ಅದೇ ಊರು (3)": ಗದಗ.

ಗಮನಿಸಿ, ತಿರುಗಿಸುವುದು, ಕಲೆಸುವುದು ಎಲ್ಲ ಇಡೀ ಅಕ್ಷರದ ಲೆಕ್ಕದಲ್ಲಿ. ರಾಜ ತಿರುಗಿದರೆ ಜರಾ ಆಗುತ್ತದೆ, ಜಾರ ಅಲ್ಲ. ದೀರ್ಘ ರಕಾರದ ಜೊತೆಯಲ್ಲೇ ಹೋಗುತ್ತದೆ.

ಅಡಗಿದ ಪದದ ಥೀಮಿಗೂ ಇದೇ ಕಟ್ಟು. ಕಾಳಿದಾಸನೊಳಗೆ ಉತ್ತರ ಕನ್ನಡದ ಕಾಳಿ ನದಿ ಇದೆ: ಕಾ, ಳಿ, ದಾ, ಸ. ಕಾಳಿಂಗನೊಳಗೆ ಇಲ್ಲ, ಅಲ್ಲಿನ ಮನೆಯಲ್ಲಿರುವುದು ಳಿಂ. ಉತ್ತುಂಗದಲ್ಲಿ ತುಂಗೆ ಹರಿಯುತ್ತಾಳೆಂದು ಕಿವಿಗೆ ಅನ್ನಿಸಿದರೂ ಚೌಕದಲ್ಲಿರುವುದು ತ್ತುಂ. ಕಿವಿಯನ್ನು ನಂಬಬೇಡಿ, ಮನೆ ಮನೆ ಬಿಡಿಸಿ ನೋಡಿ.

ಹಂತ 7: ಎರಡನೇ ಥೀಮ್ ಪದ ಸಿಕ್ಕ ಮೇಲೆ ನಿಲ್ಲಿ

ಒಂದು ಪದದಿಂದ ಥೀಮ್ ಊಹಿಸುವುದು ಅಪಾಯ. ಹಸುಗೂಸು ಸಿಕ್ಕಾಗ ಥೀಮ್ ಮಕ್ಕಳದ್ದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಎರಡನೆಯದು ಬಂದಾಗ ಮಾತ್ರ ಹೋಲಿಕೆ ಸಾಧ್ಯ.

ಬಲ ಮೇಲಿನ ಮೂಲೆಯಲ್ಲಿ ಕೆಳಮುಖ ಸುಳಿವು: "ಬೀದರಿನಿಂದ ಚಾಮರಾಜನಗರದವರೆಗೆ (4)". ಎಲ್ಲರ ಕೈ ಕರ್ನಾಟಕ ಎಂದು ಬರೆಯಲು ಹೊರಡುತ್ತದೆ. ಮನೆ ನಾಲ್ಕು, ಸರಿಯಾಗಿದೆ. ಆದರೆ ಎರಡನೇ ಮನೆಯ ಮೇಲೆ ಅಡ್ಡಲಾಗಿ ಹಾಯುವ ಸುಳಿವು "ಮೂಗಿನಿಂದ ಹೋಗಿ ಬರುವುದು (3)". ಉಸಿರು. ಕೊನೆಯ ಮನೆಯಲ್ಲಿ ರು ನಿಂತಿತು, ರ್ನಾಗೆ ಜಾಗವಿಲ್ಲ. ಹಾಗಾದರೆ ಕರುನಾಡು.

ಈಗ ಹಸುಗೂಸು, ಕರುನಾಡು ಎರಡನ್ನೂ ಅಕ್ಕಪಕ್ಕ ಬರೆಯಿರಿ. ಕೀಲಿ ಸುಳಿವು ಹೇಳಿದ ಹಾಗೆ ಮೊದಲರ್ಧವನ್ನು ಮಾತ್ರ ಓದಿ. ಹಸು. ಕರು. ಸಂಜೆ ಕಟ್ಟುವ ಜಾಗ.

ಕೊಟ್ಟಿಗೆಯೇ ಇರಬೇಕು. ಆದರೂ ಮೂರು ಮನೆಗೆ ಗೋಶಾಲೆಯೂ ಕೂರುತ್ತದೆ. ನಡುವಿನ ಮನೆಯನ್ನು ಹಾಯುವ ಸುಳಿವು "ಮತ ಬೀಳುವುದು ಇದರೊಳಗೆ (3)", ಪೆಟ್ಟಿಗೆ. ಟ್ಟಿ ಕೂತಲ್ಲಿ ಶಾ ಕೂರಲಾರದು. ಕೊಟ್ಟಿಗೆ ಖಾತ್ರಿ. ಅಂದಹಾಗೆ ಹಸುಗೂಸಿನ ಹಸುವಿಗೂ ಹಾಲು ಕರೆಯುವ ಹಸುವಿಗೂ ಅರ್ಥದ ನಂಟಿಲ್ಲ. ಥೀಮ್ ಹೆಣೆಯುವವರಿಗೆ ಬೇಕಾಗಿರುವುದೂ ಅದೇ. ಅರ್ಥ ಒಂದೇ ಆಗಿಬಿಟ್ಟರೆ ಅಡಗಿಸಿದ ಸುಖವೇ ಇಲ್ಲ. ಹಸುವಿನಹಾಲು ಎಂದು ಉತ್ತರ ಇಟ್ಟಿದ್ದರೆ ನಾನೇ ಅದನ್ನು ಕಳಪೆ ಪದಬಂಧ ಎನ್ನುತ್ತಿದ್ದೆ.

ಹಂತ 8: ಥೀಮನ್ನು ಹಿಡಿದು ಹಿಂದಕ್ಕೆ ಹೋಗಿ

ಇನ್ನು ಉಳಿದ ಎರಡು ಉತ್ತರಗಳಿಗೆ ಸುಳಿವು ಓದುವ ಮೊದಲೇ ಒಂದು ಪಟ್ಟಿ ಮಾಡಿಕೊಳ್ಳಬಹುದು. ಕೊಟ್ಟಿಗೆಯಲ್ಲಿ ಇನ್ನೇನಿರುತ್ತದೆ? ಎಮ್ಮೆ, ಕೋಣ, ಎತ್ತು, ಹೋರಿ, ಆಡು, ಕುರಿ. ನಾಲ್ಕು ಮನೆಯ ಅರ್ಧ ಎಂದರೆ ಎರಡು ಮನೆ, ಇವೆಲ್ಲ ಎರಡು ಮನೆಯವೇ. ಟಗರು ಮೂರು ಮನೆ, ಬಿಟ್ಟುಬಿಡಿ.

ಬಲ ಕೆಳಗಿನ ಮೂಲೆ. "ಪ್ರದಕ್ಷಿಣೆ (2)" ಸುತ್ತು. "ಗರಿ ಹಸಿರು, ಕೊಕ್ಕು ಕೆಂಪು (2)" ಗಿಳಿ. "ಮರ್ಯಾದೆ (3)" ಗೌರವ. ಈ ಮೂರರ ಕೊನೆಯ ಮನೆಗಿಂತ ಒಂದು ಸಾಲು ಮೇಲೆ ಅಡ್ಡಲಾಗಿ ಹಾಯುವುದು "ಘಮ್ಮೆನ್ನುವ ಹೂವು, ಇರಿಯುವ ಆಯುಧವೂ ಹೌದು (3)". ಸುತ್ತುವಿನ ಸು, ಗೌರವದ ರ, ಗಿಳಿಯ ಗಿ ಸೇರಿ ಸುರಗಿ ತಾನಾಗಿ ಬರುತ್ತದೆ, ಆ ಹೂವು ಕಂಡಿಲ್ಲದವರಿಗೂ. ಈಗ ಕೊನೆಯ ಸಾಲು: ಮೊದಲ ಮನೆ ಖಾಲಿ, ಆಮೇಲೆ ತ್ತು, ವ, ಳಿ. ಸುಳಿವು "ಜಾತ್ರೆಗೆಂದು ಮನೆಮನೆ ತಿರುಗಿ ಹಣ ಕೂಡಿಸುವುದು (4)". ಖಾಲಿ ಮನೆ ಒಂಟಿ ಮನೆ, ಅದರ ಮೇಲೆ ಯಾವ ಪದವೂ ಹಾಯುವುದಿಲ್ಲ. ಎತ್ತುವಳಿ ಎಂಬ ಮಾತು ರೂಢಿಯಲ್ಲಿಲ್ಲದವರಿಗೆ ಒತ್ತುವಳಿಯೋ ಹತ್ತುವಳಿಯೋ ಎಂದು ತಲೆ ತಿರುಗಬಹುದು. ಆದರೆ ಕೊಟ್ಟಿಗೆಯ ಪಟ್ಟಿಯಲ್ಲಿ ತ್ತು ಇಂದ ಮುಗಿಯುವುದು ಒಂದೇ: ಎತ್ತು. ಹಾಯುವ ಪದ ಮಾಡಬೇಕಾದ ಕೆಲಸವನ್ನು ಥೀಮ್ ಮಾಡಿತು.

ಥೀಮಿಗೂ ಮಿತಿ ಇದೆ, ಅದು ಎಡ ಕೆಳಗಿನ ಮೂಲೆಯಲ್ಲಿ ಗೊತ್ತಾಗುತ್ತದೆ. "ಪುಸ್ತಕದ್ದಲ್ಲ, ಬಾಯಲ್ಲಿ ಓಡಾಡುವುದು (4)". ಪಟ್ಟಿಯಲ್ಲಿರುವ ಆಡು ಕೂಡಲೇ ಹೊಳೆಯುತ್ತದೆ. ಆದರೆ ಮುಂದೆ? ಆಡುಮಾತು ಕೂರುತ್ತದೆ, ಆಡುಭಾಷೆಯೂ ಕೂರುತ್ತದೆ. ಥೀಮ್ ಪ್ರಕಾರ ಎರಡೂ ಸರಿ. ಇಲ್ಲಿ ಥೀಮನ್ನು ಕೇಳಿ ಪ್ರಯೋಜನವಿಲ್ಲ. ಮೂರನೇ ಮನೆಯಿಂದ ಬಲಕ್ಕೆ ಹೊರಡುವ ಸುಳಿವು "ಮೈಕಿನ ಮುಂದೆ ನಿಂತವರು ಮುಗಿಸದೇ ಇರುವುದು (3)". ಭಾಷಣ. ಹಾಗಾಗಿ ಆಡುಭಾಷೆ. ಒಂದು ಕಡೆ ಥೀಮ್ ಬಾಯಿ ಬಿಡುತ್ತದೆ, ಇನ್ನೊಂದು ಕಡೆ ಹಾಯುವ ಪದ. ಎರಡನ್ನೂ ಕೇಳದೆ ಪೆನ್ಸಿಲ್ ಒತ್ತಿ ಬರೆಯಬೇಡಿ.

ಹಂತ 9: ಸಿಕ್ಕಿಕೊಂಡಾಗ

ಮೊದಲು ಮಾಡಬೇಕಾದದ್ದು ಅನುಮಾನ. ಒಂದು ಮೂಲೆಯಲ್ಲಿ ಮೂರು ಸುಳಿವುಗಳೂ ಒಟ್ಟಿಗೆ ಮುಷ್ಕರ ಹೂಡಿದ್ದರೆ ಅಲ್ಲಿ ಈಗಾಗಲೇ ಬರೆದ ಯಾವುದೋ ಉತ್ತರ ತಪ್ಪಿದೆ. ಆ ಮೂಲೆಯಲ್ಲಿ ಹಾಯುವ ಸಾಕ್ಷಿಯಿಲ್ಲದೆ ಬರೆದ ಪದವನ್ನು ಅಳಿಸಿ ಮತ್ತೆ ನೋಡಿ. ಹೆಚ್ಚಾಗಿ ತಪ್ಪು ಇರುವುದು ಅತಿ ಸುಲಭ ಎನ್ನಿಸಿದ ಉತ್ತರದಲ್ಲೇ. ಮರ್ಯಾದೆ ಎಂದೊಡನೆ ಬರೆದ ಗೌರವ ಸರಿ, ಆದರೆ ಅದೇ ಮನೆಗಳಿಗೆ "ದುರ್ಯೋಧನ (3)" ಎಂಬ ಸುಳಿವಿದ್ದರೆ ಕೌರವ. ಮೂರರಲ್ಲಿ ಎರಡು ಅಕ್ಷರ ಒಂದೇ.

ಎದ್ದು ಕಾಫಿ ಕುಡಿದು ಬನ್ನಿ. ಪದಬಂಧಕ್ಕೆ ಇದು ನಿಜವಾದ ಮದ್ದು. ಬಿಟ್ಟು ಬಂದ ಮೇಲೆ ಸುಳಿವು ಬೇರೆ ರೀತಿ ಓದಿಸಿಕೊಳ್ಳುತ್ತದೆ.

ಆಮೇಲೂ ಆಗದಿದ್ದರೆ ನಿಘಂಟು. ಮೊಬೈಲಿನಲ್ಲಿ ಅಲರ್ ನಿಘಂಟು ಇದೆ, ಭಾರತವಾಣಿ ಜಾಲತಾಣದಲ್ಲಿ ಹಲವು ಕೋಶಗಳಿವೆ. ಆದರೆ ಇಂಗ್ಲಿಷ್‌ನವರ ಹಾಗೆ ಖಾಲಿ ಮನೆಗೆ ಪ್ರಶ್ನಾರ್ಥಕ ಹಾಕಿ ಹುಡುಕುವುದು ಕನ್ನಡದಲ್ಲಿ ಕೈ ಕೊಡುತ್ತದೆ. ನಮಗೆ ಒಂದು ಮನೆಯಾದ ತ್ತು ಕಂಪ್ಯೂಟರಿಗೆ ನಾಲ್ಕು ಸಂಕೇತ: ತ, ವಿರಾಮ ಚಿಹ್ನೆ, ಮತ್ತೊಂದು ತ, ಉಕಾರ. ಅದರ ಎಣಿಕೆಯೂ ನಿಮ್ಮ ಎಣಿಕೆಯೂ ತಾಳೆಯಾಗುವುದಿಲ್ಲ. ಸುಳಿವಿನ ಪದವನ್ನೇ ಹುಡುಕಿ ಸಮಾನಾರ್ಥಕಗಳನ್ನು ನೋಡುವುದು ಒಳ್ಳೆಯ ದಾರಿ. ನಿಘಂಟು ನೋಡಿದರೆ ಮೋಸ ಎನ್ನುವವರ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ. ನೇರವಾಗಿ ಉತ್ತರ ನೋಡುವುದು ಬೇರೆ, ಪದ ಹುಡುಕುವುದು ಬೇರೆ.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೇಳಿ. ಎತ್ತುವಳಿ, ಜೋಳಿಗೆ, ಕೊಳಗ, ಮೊರ ಇಂಥ ಮಾತುಗಳು ಅವರ ನಾಲಿಗೆಯ ಮೇಲೆ ಸಿಗುವಷ್ಟು ಬೇಗ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಹಂತ 10: ತುಂಬಿದ ಮೇಲೆ

ಎಲ್ಲ ಮನೆ ತುಂಬಿದ ಕೂಡಲೇ ಮಡಚಿಡಬೇಡಿ. ಥೀಮ್ ಪದಗಳನ್ನು ಮತ್ತೊಮ್ಮೆ ಸಾಲಾಗಿ ಓದಿ. ನಾಲ್ಕರಲ್ಲಿ ಮೂರಕ್ಕೆ ಮಾತ್ರ ಥೀಮ್ ಹೊಂದಿ ಒಂದು ಹೊರಗುಳಿದರೆ ಆ ಒಂದು ತಪ್ಪಿರುವ ಸಂಭವ ಹೆಚ್ಚು. ಬಲ ಮೇಲಿನ ಮೂಲೆಯಲ್ಲಿ ಉಸಿರು ಹೊಳೆಯದೆ ಕರ್ನಾಟಕ ಎಂದೇ ಬಿಟ್ಟವರಿಗೂ ಈ ಕೊನೆಯ ಓದಿನಲ್ಲಿ ತಪ್ಪು ಸಿಕ್ಕುತ್ತದೆ, ಏಕೆಂದರೆ ಹಸು, ಎತ್ತು, ಆಡುಗಳ ಸಾಲಿನಲ್ಲಿ ಕರ್ನಾ ಎಂಬ ಪ್ರಾಣಿ ಇಲ್ಲ. ಹಾಗೆ ತಿದ್ದಿಕೊಂಡರೆ ಕ, ರು ಬಂದು ಉಸಿರೂ ಬಿಡುಗಡೆಯಾಗುತ್ತದೆ.

ಉತ್ತರ ಪ್ರಕಟವಾದಾಗ ತಪ್ಪಿದ್ದನ್ನು ಮಾತ್ರ ನೋಡಿ ಸುಮ್ಮನಾಗದೆ, ಸುಳಿವು ಮತ್ತು ಉತ್ತರ ಎರಡನ್ನೂ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮನೆಯ ಸಂಖ್ಯೆಯ ಪ್ರಕಾರ ಪುಟ ಬೇರೆ ಮಾಡಿ. ಒಬ್ಬರೇ ಹೆಣೆಯುವ ಪದಬಂಧವಾದರೆ ಅವರ ಚಾಳಿಗಳು ಈ ಪುಟಗಳಲ್ಲಿ ಬೇಗ ಕಾಣತೊಡಗುತ್ತವೆ: ಒಬ್ಬರಿಗೆ ಪುರಾಣದ ಹುಚ್ಚು, ಇನ್ನೊಬ್ಬರಿಗೆ ತರಕಾರಿ, ಮತ್ತೊಬ್ಬರು ಕೀಲಿ ಸುಳಿವನ್ನು ಯಾವಾಗಲೂ ಕೊನೆಯ ಸಾಲಿನಲ್ಲೇ ಇಡುತ್ತಾರೆ. ಅದು ಗೊತ್ತಾದ ಮೇಲೆ ಕೊನೆಯ ಸಾಲಿನಿಂದಲೇ ಓದಲು ಶುರು ಮಾಡಿ.